ನೀರು ಕುಡಿಸಬೇಕೋ ಬೇಡವೋ, ಯಾರನ್ನು ಕೇಳಬೇಕು? ಆಸ್ಪತ್ರೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಆಸ್ಪತ್ರೆಗಳನ್ನು ನಡೆಸುತ್ತಿರುವ ಎಲ್ಲರಿಗೂ ನಮಸ್ಕಾರ.

ನಮ್ಮ ಅಪ್ಪ 14 ದಿನ ಆಸ್ಪತ್ರೆಯಲ್ಲಿದ್ದರು. ಹೃದಯ ಸೋತಿತ್ತು. ಕಿಡ್ನಿ ಅರ್ಧಂಬರ್ಧ ಕೆಲಸ ಮಾಡುತ್ತಿತ್ತು. ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇತ್ತು. ಮೂರನೇ ದಿನ ಬೆಳಗ್ಗೆ ರೌಂಡ್ಸ್‌ಗೆ ಬಂದ ಹೃದಯದ ಡಾಕ್ಟರ್ "ನೀರು ಕಡಿಮೆ ಕುಡಿಸಿ" ಎಂದರು. ಮಧ್ಯಾಹ್ನ ಬಂದ ಕಿಡ್ನಿ ಡಾಕ್ಟರ್ "ಮೈಯಲ್ಲಿ ನೀರು ಕಮ್ಮಿಯಾಗಿದೆ, ಸ್ವಲ್ಪ ಜಾಸ್ತಿ ಕುಡಿಸಿ" ಎಂದರು. ಇಬ್ಬರೂ ಒಳ್ಳೆಯ ಡಾಕ್ಟರ್‌ಗಳೇ. ತಮ್ಮ ತಮ್ಮ ಕಡೆಯಿಂದ ನೋಡಿದರೆ ಇಬ್ಬರೂ ಸರಿಯಾಗಿಯೇ ಹೇಳಿದ್ದರು. ಸಂಜೆ ಅಪ್ಪ ಬಾಯಾರಿಕೆ ಎಂದರು. ನಾನು ಲೋಟ ಹಿಡಿದುಕೊಂಡು ನಿಂತಿದ್ದೆ.

ಸಿಸ್ಟರ್‌ ಅವರನ್ನು ಕೇಳಿದೆ. "ಡಾಕ್ಟರ್ ಹೇಳಿದ ಹಾಗೆ ಮಾಡಿ" ಎಂದರು. ಯಾವ ಡಾಕ್ಟರ್? ರಾತ್ರಿಯ ಡ್ಯೂಟಿ ಡಾಕ್ಟರ್ ಅವರನ್ನು ಕೇಳಿದೆ. "ನಾಳೆ ಸೀನಿಯರ್ ಬಂದಾಗ ಕೇಳಿ" ಎಂದರು. ಮಾರನೇ ದಿನ ಬಂದ ಸೀನಿಯರ್ ಬೇರೆಯವರು. ಅವರಿಗೆ ಹಿಂದಿನ ದಿನದ ಎರಡೂ ಮಾತು ಗೊತ್ತಿರಲಿಲ್ಲ.

ಅವತ್ತಿನಿಂದ ನಾನು ಒಂದು ನೋಟ್‌ಬುಕ್ ಇಟ್ಟೆ. ಯಾರು ಬಂದರು, ಎಷ್ಟು ಹೊತ್ತಿಗೆ, ಏನು ಹೇಳಿದರು, ಎಲ್ಲ ಬರೆದೆ. ಅಪ್ಪ ಮನೆಗೆ ಹೊರಡುವ ಹೊತ್ತಿಗೆ ಅದರಲ್ಲಿ 23 ಜನರ ಹೆಸರಿತ್ತು. ಡಾಕ್ಟರ್‌ಗಳು, ಸಿಸ್ಟರ್‌ಗಳು, ಫಿಸಿಯೋದವರು, ಡಯಟಿಷಿಯನ್, ಲ್ಯಾಬ್‌ನವರು, ಬಿಲ್ಲಿಂಗ್‌ನವರು, ಇನ್ಶೂರೆನ್ಸ್ ಡೆಸ್ಕ್‌ನವರು. ಹೃದಯಕ್ಕೆ ಒಬ್ಬರಿದ್ದರು, ಕಿಡ್ನಿಗೆ ಒಬ್ಬರಿದ್ದರು, ದುಡ್ಡಿಗೂ ಒಬ್ಬರಿದ್ದರು. ಅಪ್ಪನಿಗೆ ಯಾರೂ ಇರಲಿಲ್ಲ.

ಆಮೇಲೆ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಈ ಪತ್ರ ಹುಟ್ಟಿದ್ದೇ ಅಲ್ಲಿಂದ.

ಒಂಬತ್ತನೇ ದಿನ ಅಪ್ಪನ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋತಾಗ ರಕ್ತದಲ್ಲಿ ಹೆಚ್ಚುವ ಅಂಶ, ಏರಿತು. ಹಾಗಾಗಿ ಕಿಡ್ನಿ ಡಾಕ್ಟರ್, ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಮಾತ್ರೆಯನ್ನು ನಿಲ್ಲಿಸಿದರು. ಫ್ಯೂರೋಸೆಮೈಡ್ ಅಂತಾರಲ್ಲ, ಅದು. "ಎರಡು ದಿನ ಬಿಟ್ಟು ರಿಪೋರ್ಟ್ ನೋಡಿ ಮತ್ತೆ ಶುರು ಮಾಡೋಣ" ಎಂದರು. ಕೇಸ್ ಶೀಟ್‌ನಲ್ಲೂ ಹಾಗೇ ಬರೆದರು. ಎರಡು ದಿನದ ಮೇಲೆ ರಿಪೋರ್ಟ್ ಬಂತು, ಚೆನ್ನಾಗಿಯೇ ಇತ್ತು. ಆದರೆ ಅವತ್ತು ಅವರು ರಜೆಯಲ್ಲಿದ್ದರು. ಹದಿನಾಲ್ಕನೇ ದಿನ ಡಿಸ್ಚಾರ್ಜ್ ಸಮರಿ ಬರೆದವರು ಇನ್ನೊಬ್ಬ ಚಿಕ್ಕ ವಯಸ್ಸಿನ ಡಾಕ್ಟರ್. ಅವತ್ತಿನ ಚಾರ್ಟ್‌ನಲ್ಲಿ ಯಾವ ಮಾತ್ರೆ ಇತ್ತೋ ಅದನ್ನು ಪಟ್ಟಿ ಮಾಡಿದರು. ನಿಲ್ಲಿಸಿದ ಮಾತ್ರೆ ಚಾರ್ಟ್‌ನಲ್ಲಿ ಇರಲಿಲ್ಲ. ಹಾಗಾಗಿ ಪಟ್ಟಿಗೂ ಬರಲಿಲ್ಲ.

ಪಟ್ಟಿಯಲ್ಲಿ ಇಲ್ಲ ಎಂದರೆ ಬೇಡ ಎಂದೇ ಅರ್ಥ ಅಂದುಕೊಂಡೆವು. ಮನೆಯಲ್ಲಿ ಹಳೆಯ ಡಬ್ಬಿ ಇತ್ತು. ಅದನ್ನು ಎತ್ತಿ ಬದಿಗಿಟ್ಟವಳು ನಾನೇ. ನಾಲ್ಕನೇ ದಿನ ಪಾದ ಊದಿತು. ಓಡಾಟ ಕಡಿಮೆ, ಅದಕ್ಕೇ ಇರಬೇಕು ಎಂದುಕೊಂಡೆವು. ಏಳನೇ ರಾತ್ರಿ ಅಪ್ಪ ಮಲಗಲಾಗದೆ ಕೂತೇ ಕಳೆದರು. ಒಂಬತ್ತನೇ ದಿನ ಬೆಳಗಿನ ಜಾವ ಆಂಬುಲೆನ್ಸ್ ಕರೆಸಿದೆವು.

ತಪ್ಪು ಯಾರದು ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಮಾತ್ರೆ ನಿಲ್ಲಿಸಿದ್ದು ತಪ್ಪಲ್ಲ. ರಜೆ ಹಾಕಿದ್ದು ತಪ್ಪಲ್ಲ. ಚಾರ್ಟ್ ನೋಡಿ ಸಮರಿ ಬರೆದದ್ದೂ ತಪ್ಪು ಅನ್ನುವ ಹಾಗಿಲ್ಲ. ಸಿಸ್ಟರ್‌ಗಳು ಅಷ್ಟೂ ದಿನ ಅಪ್ಪನನ್ನು ಮನೆಯವರಂತೆ ನೋಡಿಕೊಂಡರು. ಒಬ್ಬೊಬ್ಬರೂ ತಮ್ಮ ಪಾಲಿನ ಕೆಲಸ ಮಾಡಿದ್ದರು. ಒಬ್ಬರ ಕೆಲಸ ಮುಗಿದು ಇನ್ನೊಬ್ಬರದು ಶುರುವಾಗುವ ಜಾಗ ಇದೆಯಲ್ಲ, ಅದು ಮಾತ್ರ ಯಾರದ್ದೂ ಆಗಿರಲಿಲ್ಲ. ಅಪ್ಪ ಬಿದ್ದದ್ದು ಆ ಜಾಗದಲ್ಲಿ.

ಎರಡನೇ ಸಲ ಸೇರಿಸಿದ್ದು ಬೇರೆ ಆಸ್ಪತ್ರೆಗೆ. ಮೊದಲ ದಿನವೇ ಒಬ್ಬ ಹೆಂಗಸು ಬಂದು ಕುರ್ಚಿ ಎಳೆದುಕೊಂಡು ಕೂತರು. ಅವರು ಕೂತದ್ದೇ ನನಗೆ ವಿಶೇಷವಾಗಿ ಕಂಡಿತು, ಅಲ್ಲಿಯವರೆಗೆ ಎಲ್ಲರೂ ನಿಂತುಕೊಂಡೇ ಮಾತಾಡಿದ್ದರು. "ನಾನು ನಿಮ್ಮ ತಂದೆಯವರ ಕೇಸ್ ಮ್ಯಾನೇಜರ್. ಮೊದಲು ನರ್ಸ್ ಆಗಿದ್ದೆ. ಇವರು ಇಲ್ಲಿಂದ ಹೋಗುವ ತನಕ, ಹೋದ ಮೇಲೂ ಸ್ವಲ್ಪ ದಿನ, ಏನೇ ಇದ್ದರೂ ನನ್ನನ್ನು ಕೇಳಿ" ಎಂದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ ಕಾಯಿಲೆಯದ್ದಲ್ಲ. "ಮನೆಯಲ್ಲಿ ಎಷ್ಟು ಮೆಟ್ಟಿಲಿವೆ?"

ಆಮೇಲೆ ಒಂದೊಂದಾಗಿ ಕೇಳಿದರು. ಬಾತ್‌ರೂಮ್ ಮಲಗುವ ಕೋಣೆಯಿಂದ ಎಷ್ಟು ದೂರ? ಹಗಲು ಹೊತ್ತಿನಲ್ಲಿ ಜೊತೆಗೆ ಯಾರಿರುತ್ತಾರೆ? ಮಾತ್ರೆ ಕೊಡುವವರು ಯಾರು, ಅವರಿಗೆ ಚೀಟಿ ಓದಲು ಬರುತ್ತದಾ? ತೂಕದ ಮೆಷಿನ್ ಇದೆಯಾ? ಮನೆಯಲ್ಲಿರುವ ಎಲ್ಲ ಮಾತ್ರೆ ಡಬ್ಬಿಗಳನ್ನೂ ಒಂದು ಚೀಲದಲ್ಲಿ ಹಾಕಿ ತರಲು ಹೇಳಿದರು. ಮಾರನೇ ದಿನ ಫಾರ್ಮಸಿಸ್ಟ್ ಜೊತೆ ಕೂತು ಒಂದೊಂದೇ ಡಬ್ಬಿ ತೆಗೆದು ನೋಡಿದರು. ಬದಿಗಿಟ್ಟ ಆ ಮಾತ್ರೆ ಸಿಕ್ಕಿದ್ದು ಆಗ. ಒಂದೇ ಬಿಪಿ ಮಾತ್ರೆ ಎರಡು ಬೇರೆ ಹೆಸರಿನಲ್ಲಿ ಇದ್ದದ್ದೂ ಆಗಲೇ ಗೊತ್ತಾಯಿತು. ಅಪ್ಪ ಎಷ್ಟು ತಿಂಗಳಿಂದ ಎರಡನ್ನೂ ನುಂಗುತ್ತಿದ್ದರೋ!

ನಾಲ್ಕನೇ ದಿನ ಅವರು ಒಂದು ಮೀಟಿಂಗ್ ಕರೆದರು. ಹೃದಯದ ಡಾಕ್ಟರ್, ಕಿಡ್ನಿ ಡಾಕ್ಟರ್, ವಾರ್ಡ್ ಸಿಸ್ಟರ್, ಫಿಸಿಯೋ, ನಾನು ಮತ್ತು ನನ್ನ ತಮ್ಮ. 20 ನಿಮಿಷ. ನೀರಿನ ಪ್ರಶ್ನೆ ಅಲ್ಲಿ ಬಂತು. ಇಬ್ಬರು ಡಾಕ್ಟರ್‌ಗಳು ಒಬ್ಬರ ಮುಖ ಒಬ್ಬರು ನೋಡಿ ಮಾತಾಡಿಕೊಂಡರು. ದಿನಕ್ಕೆ ಒಂದೂವರೆ ಲೀಟರ್, ತೂಕ ನೋಡಿಕೊಂಡು ಹೆಚ್ಚು ಕಡಿಮೆ ಮಾಡುವುದು ಎಂದು ತೀರ್ಮಾನವಾಯಿತು. ಅದು ನಮ್ಮ ಅಪ್ಪನ ಲೆಕ್ಕ. ಬೇರೆಯವರಿಗೆ ಬೇರೆ ಇರುತ್ತದೆ. ನಾನು ಎರಡು ವಾರ ಲೋಟ ಹಿಡಿದು ಕಾದ ಉತ್ತರ ಎರಡು ನಿಮಿಷದಲ್ಲಿ ಸಿಕ್ಕಿತು.

ಈ ಕೆಲಸವೇನೂ ಹೊಸದಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆ. 1905ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ, ಮ್ಯಾಸಚೂಸೆಟ್ಸ್ ಜನರಲ್ ಹಾಸ್ಪಿಟಲ್‌ನ ಡಾಕ್ಟರ್ ರಿಚರ್ಡ್ ಕ್ಯಾಬಟ್‌ಗೆ ಒಂದು ವಿಷಯ ಕಾಡುತ್ತಿತ್ತು. ರೋಗಿಯ ಮನೆ, ಕೆಲಸ, ದುಡ್ಡಿನ ಸ್ಥಿತಿ ಗೊತ್ತಿಲ್ಲದೆ ಬರೆಯುವ ಔಷಧಿ ಎಷ್ಟೋ ಸಲ ವ್ಯರ್ಥ ಎಂದು ಅವರಿಗೆ ಅನಿಸಿತ್ತು. ಗಾರ್ನೆಟ್ ಪೆಲ್ಟನ್ ಎಂಬ ನರ್ಸ್‌ರನ್ನು ಆ ಕೆಲಸಕ್ಕೆ ಕರೆತಂದರು. ಅವರ ನಂತರ ಐಡಾ ಕ್ಯಾನನ್ ಅದನ್ನು ದೊಡ್ಡ ವಿಭಾಗವಾಗಿ ಬೆಳೆಸಿದರು. ಆಸ್ಪತ್ರೆಯೊಳಗೆ ಕೂತು ಆಸ್ಪತ್ರೆಯ ಹೊರಗಿನ ಬದುಕನ್ನು ವಿಚಾರಿಸುವ ಕೆಲಸ ಅದು. 1980ರ ದಶಕದ ನಡುವಿನಲ್ಲಿ ಅದೇ ಬಾಸ್ಟನ್‌ನ ನ್ಯೂ ಇಂಗ್ಲೆಂಡ್ ಮೆಡಿಕಲ್ ಸೆಂಟರ್‌ನಲ್ಲಿ ಕ್ಯಾರೆನ್ ಝ್ಯಾಂಡರ್ ಮತ್ತು ಜೊತೆಯ ನರ್ಸ್‌ಗಳು, ದಾಖಲಾದ ದಿನದಿಂದ ಬಿಡುಗಡೆಯ ತನಕ ಒಬ್ಬ ನರ್ಸ್ ಒಬ್ಬ ರೋಗಿಯ ಇಡೀ ದಾರಿಯನ್ನು ನೋಡಿಕೊಳ್ಳುವ ಪದ್ಧತಿ ಕಟ್ಟಿದರು.

ಆದರೆ ಅದೇ ಹೊತ್ತಿಗೆ ಇನ್ನೊಂದು ಬದಲಾವಣೆ ಆಗಿತ್ತು. 1983ರಲ್ಲಿ ಅಲ್ಲಿನ ಸರ್ಕಾರ, ವಯಸ್ಸಾದವರ ವಿಮೆಯಾದ ಮೆಡಿಕೇರ್‌ನಲ್ಲಿ, ಆಸ್ಪತ್ರೆಗೆ ಆದ ಖರ್ಚಿನ ಲೆಕ್ಕದಲ್ಲಿ ದುಡ್ಡು ಕೊಡುವುದನ್ನು ಬಿಟ್ಟು ಕಾಯಿಲೆಯ ಗುಂಪಿಗೆ ಇಷ್ಟು ಎಂದು ಮೊದಲೇ ಗೊತ್ತು ಮಾಡಿತು. ರೋಗಿ ಬೇಗ ಮನೆಗೆ ಹೋದರೆ ಆಸ್ಪತ್ರೆಗೆ ಲಾಭ. ಹಾಗಾಗಿ ಕೇಸ್ ಮ್ಯಾನೇಜರ್ ಬೇಕು ಎಂದು ಆಡಳಿತದವರಿಗೂ ಅನಿಸಿತು, ಬೇರೆ ಕಾರಣಕ್ಕೆ. ಅಂದಿನಿಂದಲೂ ಈ ಕೆಲಸವನ್ನು ಎರಡು ಕೈ ಎರಡು ಕಡೆಗೆ ಎಳೆಯುತ್ತಿವೆ. ಒಂದು ಕೈ ರೋಗಿಯದು, ಇನ್ನೊಂದು ಹಾಸಿಗೆ ಲೆಕ್ಕದ್ದು.

ನಿಮ್ಮ ಹತ್ತಿರ ನಾನು ಜಾಸ್ತಿ ಮಾತಾಡಬೇಕಾದದ್ದು ಇದರ ಬಗ್ಗೆಯೇ.

"ನಮ್ಮಲ್ಲೂ ಕೇಸ್ ಮ್ಯಾನೇಜರ್ ಇದ್ದಾರೆ" ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ದಯವಿಟ್ಟು ಅವರು ದಿನವಿಡೀ ಏನು ಮಾಡುತ್ತಾರೆ ನೋಡಿ. ಇನ್ಶೂರೆನ್ಸ್ ಅಪ್ರೂವಲ್‌ಗೆ ಪೇಪರ್ ಕಳಿಸುವುದು, ಬಿಲ್ ಬಾಕಿ ನೆನಪಿಸುವುದು, ಮಧ್ಯಾಹ್ನದೊಳಗೆ ಬೆಡ್ ಖಾಲಿ ಮಾಡಿಸುವುದು. ಇವೂ ಬೇಕಾದ ಕೆಲಸಗಳೇ. ಅಪ್ರೂವಲ್ ತಡವಾಗಿ ಇಡೀ ದಿನ ಕಾರಿಡಾರ್‌ನಲ್ಲಿ ಕೂತವರ ಸಂಕಟ ನನಗೂ ಗೊತ್ತು. ಆದರೆ ಅಷ್ಟನ್ನೇ ಮಾಡುವವರು ಬೆಡ್‌ನ ಮ್ಯಾನೇಜರ್ ಆಗುತ್ತಾರೆ, ರೋಗಿಯ ಮ್ಯಾನೇಜರ್ ಆಗುವುದಿಲ್ಲ. ಅವರ ಕೆಲಸವನ್ನು ಅಳೆಯಲು ನೀವು ಇಟ್ಟಿರುವ ಅಳತೆ ಎಷ್ಟು ಬೇಗ ಕಳಿಸಿದರು ಎನ್ನುವುದೊಂದೇ ಆದರೆ, ಅವರು ಬೇಗ ಕಳಿಸುತ್ತಾರೆ, ಅಷ್ಟೇ. ಕಳಿಸಿದ 30 ದಿನದೊಳಗೆ ಎಷ್ಟು ಜನ ವಾಪಸ್ ಬಂದರು, ಮನೆಯಲ್ಲಿ ಮಾತ್ರೆ ಸರಿಯಾಗಿ ನಡೆಯುತ್ತಿದೆಯಾ ಎನ್ನುವುದನ್ನೂ ಅಳೆಯಿರಿ. ಅವರು ಬಿಲ್ಲಿಂಗ್ ವಿಭಾಗಕ್ಕೆ ಉತ್ತರ ಕೊಡುವಂತಿರಬಾರದು. ಚಿಕಿತ್ಸೆಯ ಜವಾಬ್ದಾರಿ ಹೊತ್ತವರಿಗೆ, ಮೆಡಿಕಲ್ ಡೈರೆಕ್ಟರ್‌ಗೋ ನರ್ಸಿಂಗ್ ಮುಖ್ಯಸ್ಥರಿಗೋ ಉತ್ತರ ಕೊಡುವಂತಿರಬೇಕು.

"ಇವತ್ತು ಇವರನ್ನು ಕಳಿಸುವುದು ಬೇಡ" ಎಂದು ಹೇಳುವ ಅಧಿಕಾರವೂ ಅವರಿಗೆ ಬೇಕು. ಮನೆಯಲ್ಲಿ ಆಕ್ಸಿಜನ್ ವ್ಯವಸ್ಥೆ ಇನ್ನೂ ಆಗಿಲ್ಲ, ನೋಡಿಕೊಳ್ಳುವ ಹೆಂಡತಿಗೇ ಜ್ವರ, ಇಂಜೆಕ್ಷನ್ ಕೊಡುವುದನ್ನು ಮಗ ಇನ್ನೂ ಕಲಿತಿಲ್ಲ. ಇಂಥ ಕಾರಣ ಹೇಳಿ ಒಂದು ದಿನ ತಡೆಯುವ ಮಾತು ಅವರದಾಗಿರಬೇಕು. ಆ ಮಾತಿಗೆ ಡಾಕ್ಟರ್ ಕಿವಿ ಕೊಡಬೇಕು. ಬರೀ ಹುದ್ದೆ ಕೊಟ್ಟು ಮಾತಿಗೆ ಬೆಲೆ ಕೊಡದಿದ್ದರೆ ಪಾಪ ಅವರಾದರೂ ಏನು ಮಾಡಿಯಾರು? ಹಿರಿಯ ಡಾಕ್ಟರ್‌ಗೆ ಫೋನ್ ಮಾಡಲು ಹೆದರುವ ಕೇಸ್ ಮ್ಯಾನೇಜರ್‌ನಿಂದ ಎರಡು ವಿಭಾಗಗಳನ್ನು ಒಂದು ಮೇಜಿಗೆ ಕರೆತರಲು ಆಗುವುದಿಲ್ಲ.

ದುಡ್ಡಿನ ಪ್ರಶ್ನೆ ಬರುತ್ತದೆ, ಗೊತ್ತು. ಒಂದು ಸಂಬಳ ಹೆಚ್ಚಾಗುತ್ತದೆ. ಆದರೆ ಒಬ್ಬರ ಕೆಲಸವನ್ನು ಇನ್ನೊಬ್ಬರದಕ್ಕೆ ಹೊಂದಿಸುವ ಈ ಜೋಡಣೆ ಇಲ್ಲದಿದ್ದರೂ ಖರ್ಚಾಗುತ್ತದೆ. 2009ರಲ್ಲಿ ಅಮೆರಿಕದ ಮೆಡಿಕೇರ್ ಲೆಕ್ಕಗಳನ್ನು ಇಟ್ಟುಕೊಂಡು ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಬಿಡುಗಡೆಯಾದವರಲ್ಲಿ ಸುಮಾರು ಐದರಲ್ಲಿ ಒಬ್ಬರು 30 ದಿನದೊಳಗೆ ಮತ್ತೆ ದಾಖಲಾಗಿದ್ದರು. ಸರ್ಜರಿ ಅಲ್ಲದ ಕಾಯಿಲೆಗೆ ಬಂದು ಹೀಗೆ 30 ದಿನದೊಳಗೆ ವಾಪಸ್ ಬಂದವರಲ್ಲಿ ಅರ್ಧದಷ್ಟು ಜನರ ಲೆಕ್ಕದಲ್ಲಿ, ನಡುವೆ ಡಾಕ್ಟರ್ ಒಬ್ಬರನ್ನು ಕಂಡ ಬಿಲ್ಲೇ ಇರಲಿಲ್ಲ. ಫಾಲೋಅಪ್ ಎಂದು ಸಮರಿಯ ಕೊನೆಯ ಸಾಲಿನಲ್ಲಿ ಬರೆದಿರುತ್ತಾರೆ. ಹೋಗಲು ಆಗುತ್ತದಾ, ಯಾರು ಕರೆದೊಯ್ಯುತ್ತಾರೆ ಎಂದು ಕೇಳುವವರು ಬೇಕಲ್ಲ. 2012ರಿಂದ ಅಲ್ಲಿ ವಾಪಸಾತಿ ಜಾಸ್ತಿ ಇರುವ ಆಸ್ಪತ್ರೆಗಳಿಗೆ ಸರ್ಕಾರ ದುಡ್ಡು ಕಡಿತ ಮಾಡುತ್ತಿದೆ.

ಸರಿಯಾಗಿ ಮಾಡಿದರೆ ಫಲ ಸಿಗುತ್ತದೆ ಎನ್ನುವುದಕ್ಕೂ ಆಧಾರ ಇದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೇರಿ ನೇಯ್ಲರ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 65 ದಾಟಿದ 363 ಜನರಿದ್ದರು. ಕೆಲವರಿಗೆ ಎಂದಿನ ಆರೈಕೆ. ಉಳಿದವರಿಗೆ ಆಸ್ಪತ್ರೆಯಲ್ಲೇ ಪರಿಚಯವಾದ ತರಬೇತಿ ಪಡೆದ ನರ್ಸ್, ಮನೆಗೆ ಹೋದ ಮೇಲೂ ನಾಲ್ಕು ವಾರ ಬಂದು ನೋಡಿದರು. 24 ವಾರದಲ್ಲಿ ಎಂದಿನ ಆರೈಕೆಯವರಲ್ಲಿ 100ಕ್ಕೆ 37 ಜನ ಮತ್ತೆ ದಾಖಲಾದರು. ನರ್ಸ್ ನೋಡಿದವರಲ್ಲಿ 100ಕ್ಕೆ 20.

ಇದರ ಜೊತೆಗೆ ಇನ್ನೊಂದನ್ನೂ ಹೇಳದಿದ್ದರೆ ಮೋಸವಾಗುತ್ತದೆ. ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ, ಪದೇ ಪದೇ ಆಸ್ಪತ್ರೆ ಸೇರುವ ತೀರಾ ಕಷ್ಟದ ರೋಗಿಗಳ ಹಿಂದೆ ಒಂದು ತಂಡ ಶ್ರದ್ಧೆಯಿಂದ ಓಡಾಡಿತು. 2020ರಲ್ಲಿ ಅದರ ಪರೀಕ್ಷೆಯ ಫಲ ಬಂದಾಗ, ಆರು ತಿಂಗಳಲ್ಲಿ ವಾಪಸ್ ಬಂದವರ ಪ್ರಮಾಣ ತಂಡ ನೋಡಿಕೊಂಡವರಲ್ಲೂ ಎಂದಿನ ಆರೈಕೆಯವರಲ್ಲೂ ಹೆಚ್ಚು ಕಡಿಮೆ ಒಂದೇ ಇತ್ತು. ನಾನು ಅದನ್ನು ಹೀಗೆ ಓದಿಕೊಂಡೆ. ಇರಲು ಮನೆಯಿಲ್ಲದವರಿಗೆ, ಹೊರಗೆ ಯಾವ ಸೇವೆಯೂ ಸಿಗದವರಿಗೆ, ಬರೀ ಜೋಡಣೆ ಸಾಲದು. ಜೋಡಿಸಲು ಆಚೆ ಬದಿಯಲ್ಲೂ ಏನಾದರೂ ಇರಬೇಕು. ಮನೆಗೆ ಬರುವ ನರ್ಸ್, ಹತ್ತಿರದ ಕ್ಲಿನಿಕ್, ಫಿಸಿಯೋ, ಊರುಗೋಲು, ಗಾಲಿಕುರ್ಚಿ. ಕೇಸ್ ಮ್ಯಾನೇಜರ್ ಎಷ್ಟೇ ಒಳ್ಳೆಯವರಾದರೂ ಇಲ್ಲದ ಸೇವೆಯನ್ನು ಫೋನ್‌ನಲ್ಲಿ ಹುಟ್ಟಿಸಲಾರರು. ಆ ಪಟ್ಟಿ ಸಿದ್ಧ ಮಾಡಿ ಅವರ ಕೈಗೆ ಕೊಡುವುದು ನಿಮ್ಮ ಕೆಲಸ.

ಎಲ್ಲ ರೋಗಿಗೂ ಇದು ಬೇಕು ಎಂದು ನಾನು ಕೇಳುತ್ತಿಲ್ಲ. ಅಪೆಂಡಿಕ್ಸ್ ತೆಗೆಸಿಕೊಂಡು ಮೂರನೇ ದಿನ ನಡೆದು ಹೋಗುವ ಹುಡುಗನಿಗೆ ಒಳ್ಳೆಯ ಸಿಸ್ಟರ್ ಸಾಕು. ಯಾರಿಗೆ ಬೇಕು ಎಂದು ಮೊದಲೇ ಅಂದಾಜು ಮಾಡುವ ಸರಳ ವಿಧಾನಗಳಿವೆ. ಎಷ್ಟು ದಿನ ದಾಖಲಾಗಿದ್ದರು, ಎಮರ್ಜೆನ್ಸಿಯಲ್ಲಿ ಬಂದರಾ, ಬೇರೆ ಕಾಯಿಲೆ ಎಷ್ಟಿವೆ, ಹಿಂದಿನ ಆರು ತಿಂಗಳಲ್ಲಿ ಎಷ್ಟು ಸಲ ಎಮರ್ಜೆನ್ಸಿಗೆ ಬಂದಿದ್ದರು. ಈ ನಾಲ್ಕನ್ನು ಅಂಕ ಹಾಕಿ ಕೂಡಿಸುವ ಲೇಸ್ ಎಂಬ ಲೆಕ್ಕ 2010ರಿಂದಲೂ ಇದೆ. ಅದಕ್ಕೆ ಒಂಟಿಯಾಗಿ ಬದುಕುವವರನ್ನು, ಮರೆವು ಇರುವವರನ್ನು, ಭಾಷೆ ಬಾರದವರನ್ನು ನಾನು ಸೇರಿಸುತ್ತೇನೆ.

ಬಿಡುಗಡೆಯ ದಿನದ ಬಗ್ಗೆ ಇನ್ನಷ್ಟು ಹೇಳಬೇಕು. ಮೊದಲ ಆಸ್ಪತ್ರೆಯಲ್ಲಿ ಸಮರಿ ಕೈಗೆ ಬಂದದ್ದು ಬಿಲ್ ಕಟ್ಟಿದ ಮೇಲೆ, ಲಿಫ್ಟ್ ಹತ್ತಿರ. "ಎಲ್ಲ ಬರೆದಿದೆ" ಎಂದರು. ಅರ್ಧಕ್ಕರ್ಧ ಮಾತು ಸಂಕ್ಷೇಪಾಕ್ಷರದಲ್ಲಿತ್ತು. ಎರಡನೇ ಕಡೆ, ಹೊರಡುವ ಎರಡು ದಿನ ಮೊದಲೇ ಪಾಠ ಶುರುವಾಯಿತು. ಕೇಸ್ ಮ್ಯಾನೇಜರ್ ಹೇಳಿಕೊಟ್ಟು, "ಅರ್ಥ ಆಯ್ತಾ?" ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಹೂಂ ಅಂತಾರೆ, ಅಲ್ವಾ? "ನಾಳೆ ನಿಮ್ಮ ತಮ್ಮ ಒಬ್ಬರೇ ಇರುವಾಗ ಅವರಿಗೆ ಹೇಗೆ ಹೇಳುತ್ತೀರೋ ಹಾಗೆ ನನಗೆ ಹೇಳಿ" ಎಂದರು. ನಾನು ಹೇಳಿದೆ. ಎರಡು ಕಡೆ ತಪ್ಪಿದೆ. ತಿದ್ದಿದರು. ಮತ್ತೆ ಹೇಳಿಸಿದರು.

ಒಂದು ಹಾಳೆ ಬರೆದುಕೊಟ್ಟರು. ಶುರು ಮಾಡಿದ ಮಾತ್ರೆ, ನಿಲ್ಲಿಸಿದ ಮಾತ್ರೆ, ಡೋಸ್ ಬದಲಾದ ಮಾತ್ರೆ, ಪ್ರತಿಯೊಂದರ ಎದುರಿಗೂ ಒಂದು ಸಾಲಿನ ಕಾರಣ. ನಿಲ್ಲಿಸಿದವುಗಳ ಪಟ್ಟಿ! ಅದೊಂದು ಪಟ್ಟಿ ಮೊದಲ ಸಲ ಇದ್ದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧಿಯಿಂದಾಗುವ ಹಾನಿ ತಡೆಯಲು ಶುರು ಮಾಡಿದ ಜಾಗತಿಕ ಅಭಿಯಾನದಲ್ಲಿ ಮೊದಲು ಗಮನ ಕೊಡಬೇಕು ಎಂದು ಹೆಸರಿಸಿದ ಮೂರು ವಿಷಯಗಳಲ್ಲಿ ಇದೂ ಒಂದು. ರೋಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಹೊತ್ತು.

ಹಾಳೆಯ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ದಿನಾ ಬೆಳಗ್ಗೆ ತೂಕ ನೋಡಿ. ಮೂರು ದಿನದಲ್ಲಿ 2 ಕಿಲೋಗಿಂತ ಜಾಸ್ತಿ ಏರಿದರೆ ಕಾಯಬೇಡಿ, ಈ ನಂಬರ್‌ಗೆ ಫೋನ್ ಮಾಡಿ. ಮನೆಗೆ ಬಂದ ಎರಡನೇ ದಿನ ಅವರೇ ಫೋನ್ ಮಾಡಿದರು. "ತೂಕ ಎಷ್ಟು?" ಎಂದೇ ಕೇಳಿದರು. ಐದನೇ ದಿನ ಮತ್ತೆ. ಹನ್ನೊಂದನೇ ದಿನ ಒಂದು ಕಿಲೋ ಏರಿತ್ತು. ಅವರು ಡಾಕ್ಟರ್ ಹತ್ತಿರ ಮಾತಾಡಿ ಸಂಜೆಯೊಳಗೆ ಮಾತ್ರೆ ಬದಲಾಯಿಸಿಕೊಟ್ಟರು. ಅಪ್ಪ ಮನೆಯಲ್ಲೇ ಉಳಿದರು.

ಅವರ ಕಷ್ಟವನ್ನೂ ನಾನು ನೋಡಿದ್ದೇನೆ. ಎರಡು ಫೋನ್ ಇತ್ತು, ಎರಡೂ ಸುಮ್ನಿರುತ್ತಿರಲಿಲ್ಲ. ಒಂದು ದಿನ ಕೇಳಿದೆ, ನಿಮ್ಮ ಕೈಯಲ್ಲಿ ಎಷ್ಟು ರೋಗಿಗಳಿದ್ದಾರೆ ಎಂದು. ಸಂಖ್ಯೆ ಹೇಳಲಿಲ್ಲ. "ಎಲ್ಲರ ಮನೆಯ ಮೆಟ್ಟಿಲು ನೆನಪಿಟ್ಟುಕೊಳ್ಳುವಷ್ಟು ಇದ್ದರೆ ಚೆನ್ನಾಗಿರುತ್ತಿತ್ತು" ಎಂದರು. ಒಬ್ಬರ ತಲೆಯ ಮೇಲೆ ಇಡೀ ಫ್ಲೋರ್ ಹೊರಿಸಿದರೆ ಅವರು ಮತ್ತೆ ಫಾರಂ ತುಂಬುವವರಾಗಿಬಿಡುತ್ತಾರೆ. ಭಾನುವಾರ ರಜೆ ಹಾಕಿದರೆ ಅವರ ಜಾಗದಲ್ಲಿ ನಿಲ್ಲುವವರೂ ಬೇಕು. ಒಬ್ಬ ಒಳ್ಳೆಯ ಮನುಷ್ಯರನ್ನು ನಂಬಿ ವ್ಯವಸ್ಥೆ ನಿಲ್ಲಬಾರದು. ನಮ್ಮ ಮೊದಲ ಆಸ್ಪತ್ರೆಯಲ್ಲಿ ಒಬ್ಬರ ರಜೆಯಿಂದ ಏನಾಯಿತು ಎಂದು ಹೇಳಿದೆನಲ್ಲ.

ಈ ವಾರ ಒಂದು ಕೆಲಸ ಮಾಡಿ. ಮೊದಲೇ ತಿಳಿಸದೆ ನಿಮ್ಮ ಒಂದು ವಾರ್ಡಿಗೆ ಹೋಗಿ. ಹತ್ತು ದಿನಕ್ಕಿಂತ ಹೆಚ್ಚು ಕಾಲದಿಂದ ಇರುವ ರೋಗಿಯ ಪಕ್ಕ ಕೂತವರನ್ನು ಮಾತಾಡಿಸಿ. ಏನಾದರೂ ಗೊಂದಲ ಆದರೆ ಯಾರನ್ನು ಕೇಳುತ್ತೀರಿ ಎಂದು ವಿಚಾರಿಸಿ. ಅವರು ಒಂದು ಹೆಸರು ಹೇಳುತ್ತಾರಾ, ಇಲ್ಲಾ ಯೋಚಿಸುತ್ತಾ ನಿಲ್ಲುತ್ತಾರಾ ನೋಡಿ. ನಿಂತರೆ, ದಾಖಲಾದ ಒಂದು ದಿನದೊಳಗೆ ಆ ಹೆಸರು ಮತ್ತು ನಂಬರ್ ಹಾಸಿಗೆಯ ತಲೆಯ ಕಡೆ ಬೋರ್ಡ್ ಮೇಲೆ ಬರುವ ಹಾಗೆ ಮಾಡಿ.

ನನ್ನ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ನಿಮ್ಮಲ್ಲಿ ಯಾರಾದರೂ ಈ ವ್ಯವಸ್ಥೆ ಶುರು ಮಾಡುವುದಿದ್ದರೆ ಅದನ್ನು ತೆಗೆದುಕೊಂಡು ಬರುತ್ತೇನೆ. ನಿಮ್ಮ ಡಾಕ್ಟರ್‌ಗಳ ಜೊತೆ, ಸಿಸ್ಟರ್‌ಗಳ ಜೊತೆ ಕೂತು ಪುಟ ಪುಟ ತೋರಿಸುತ್ತೇನೆ. ಯಾವ ದಿನ, ಯಾವ ಮಾತು, ಯಾರ ಮತ್ತು ಯಾರ ನಡುವೆ ಕಳೆದುಹೋಯಿತು ಎಂದು.

ಇಂತಿ,
ಒಬ್ಬ ರೋಗಿಯ ಮಗಳು